ಗೇಟನ್ನು ಬಲ್ಲವರು ಯಾರು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟಿನ ಸರಪಳಿ ಕಡಿದು, ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಉಕ್ಕಿನ ಬಾಗಿಲು ನೀರಿನ ರಭಸಕ್ಕೆ ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿ ನಿಂತಿತ್ತು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯುಸೆಕ್ ನೀರು ನದಿಗೆ ನುಗ್ಗತೊಡಗಿತು. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಸಿರುಗುಪ್ಪ ತಾಲ್ಲೂಕಿನಲ್ಲಿ ಅದು ಭತ್ತದ ನಾಟಿಯ ಕಾಲ. ಕುರುಗೋಡಿನ ರೈತರು ಸಸಿಮಡಿಯಿಂದ ಅಗೆ ಕಿತ್ತು ಕಟ್ಟು ಕಟ್ಟಿ ಬದುವಿನ ಮೇಲಿಟ್ಟಿದ್ದರು. ಬಳ್ಳಾರಿ ನಗರಕ್ಕೆ ಕುಡಿಯುವ ನೀರು ಕೊಡುವ ಅಲ್ಲೀಪುರ ಕೆರೆ ತುಂಬಬೇಕಾದದ್ದೂ ಇದೇ ತುಂಗಭದ್ರೆಯ ಕಾಲುವೆಯಿಂದ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಅಣೆಕಟ್ಟೆಯೇನೋ ಬಳ್ಳಾರಿ ಜಿಲ್ಲೆಯ ಗಡಿಯಾಚೆ ಹೋಯಿತು. ನೀರಿನ ಚಿಂತೆ ಮಾತ್ರ ಇಲ್ಲಿಯೇ ಉಳಿಯಿತು.

ಮರುದಿನ ಬೆಳಗಿನಿಂದ ಎರಡು ಪ್ರಶ್ನೆಗಳು ಕೇಳಿಬಂದವು. ಇದಕ್ಕೆ ಹೊಣೆ ಯಾರು ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಹೇಳಲು ಹಲವರು ಮುಂದೆ ಬಂದರು; ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಹರಿಯುವ ನೀರಿನಲ್ಲಿ ಗೇಟು ಕೂರಿಸಲು ಬಲ್ಲವರು ಯಾರಿದ್ದಾರೆ ಎಂಬುದು ಎರಡನೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಹೊಣೆಗಾರರ ಪಟ್ಟಿ ಅಷ್ಟು ಉದ್ದವಾಗಿಯೂ ಬಲ್ಲವರ ಪಟ್ಟಿ ಇಷ್ಟು ಗಿಡ್ಡವಾಗಿಯೂ ಆದದ್ದು ಹೇಗೆ ಎಂಬುದನ್ನು ನಾವು ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ. ಸಾರ್ವಜನಿಕ ಸಂಸ್ಥೆಗಳಲ್ಲಿ ನಾಯಕತ್ವ ಎಂದರೇನು, ಒಬ್ಬ ನೌಕರ ತನ್ನ ವೃತ್ತಿಯಲ್ಲಿ ಬೆಳೆಯುವುದೆಂದರೇನು ಎಂಬ ಚರ್ಚೆ ಅಲ್ಲಿಂದಲೇ ಆರಂಭವಾಗಬೇಕೆಂದು ನನ್ನ ಅಭಿಪ್ರಾಯ.

ನಾಯಕತ್ವವನ್ನು ಕುರಿತ ಪುಸ್ತಕಗಳಿಗೆ, ತರಬೇತಿ ಶಿಬಿರಗಳಿಗೆ ಈಗ ಬರವಿಲ್ಲ. ಅವುಗಳಲ್ಲಿ ಬಹುಪಾಲು ಒಂದು ಕಂಪನಿ, ಒಬ್ಬ ಮುಖ್ಯಸ್ಥ, ಒಂದು ಗುರಿ ಎಂಬ ಕಲ್ಪನೆಯ ಮೇಲೆ ನಿಂತಿವೆ. ನಮ್ಮ ಕಡೆಯ ಕೆಲಸದ ಜಾಗಗಳು ಅಂಥವಲ್ಲ. ತುಂಗಭದ್ರೆಯನ್ನೇ ತೆಗೆದುಕೊಳ್ಳಿ. 1945ರಲ್ಲಿ ಕಾಮಗಾರಿ ಆರಂಭವಾದಾಗ ನದಿಯ ಒಂದು ದಂಡೆ ಮದರಾಸು ಪ್ರಾಂತ್ಯದ್ದು, ಇನ್ನೊಂದು ಹೈದರಾಬಾದು ನಿಜಾಮರದು. ಕಟ್ಟಡ ಮುಗಿಯುವ ಹೊತ್ತಿಗೆ, ಅಂದರೆ 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು. ಆಂಧ್ರ ರಾಜ್ಯ ಕಾಯ್ದೆಯ ಅನ್ವಯ ತುಂಗಭದ್ರಾ ಮಂಡಳಿ ರಚನೆಯಾಯಿತು. 2014ರ ನಂತರ ತೆಲಂಗಾಣವೂ ಪಾಲುದಾರನಾಯಿತು. ಮಂಡಳಿಯ ಸಿಬ್ಬಂದಿ ಬರುವುದು ರಾಜ್ಯಗಳಿಂದ, ಎರವಲು ಸೇವೆಯ ಮೇಲೆ. ಎಡದಂಡೆಯ ಕಾಲುವೆ ಕರ್ನಾಟಕದ ನೀರಾವರಿ ನಿಗಮದ ಕೈಯಲ್ಲಿ. ಯಾವ ಕಾಲುವೆಗೆ ಎಂದಿನಿಂದ ಎಂದಿನವರೆಗೆ ನೀರು ಎಂಬ ತೀರ್ಮಾನ ಸಚಿವರು, ಶಾಸಕರು, ಅಧಿಕಾರಿಗಳು ಕೂಡುವ ನೀರಾವರಿ ಸಲಹಾ ಸಮಿತಿಯದು. ಬಲದಂಡೆಯ ಮೇಲ್ಮಟ್ಟದ ಕಾಲುವೆ ಬಳ್ಳಾರಿಯ ಮಗ್ಗುಲಿನಿಂದ ಅನಂತಪುರದ ಕಡೆಗೂ, ಕೆಳಮಟ್ಟದ ಕಾಲುವೆ ಕುರುಗೋಡು, ಸಿರುಗುಪ್ಪಗಳನ್ನು ಹಾದು ಕರ್ನೂಲಿನ ಕಡೆಗೂ ಹರಿಯುತ್ತವೆ. ಕಾರ್ಖಾನೆಗಳಿಗೆ ಬೇರೆ ಪಾಲು, ಪಟ್ಟಣಗಳಿಗೆ ಬೇರೆ ಪಾಲು. ಇಲ್ಲಿ ಯಾರೊಬ್ಬರ ಆಜ್ಞೆಯೂ ಎಲ್ಲರ ಮೇಲೆ ನಡೆಯದು. ಇಂಥ ಕಡೆ ನಾಯಕನಾಗುವವನಿಗೆ ಹುದ್ದೆಯ ಬಲ ಅರ್ಧ ದಾರಿಗೂ ಸಾಲುವುದಿಲ್ಲ.

ಆ ವಾರ ನಡೆದದ್ದು ಇದನ್ನೇ ತೋರಿಸಿತು. ಅಧಿಕಾರಿಯ ದೃಷ್ಟಿಯಿಂದ ನೋಡಿದರೆ ಅತ್ಯಂತ ಸುರಕ್ಷಿತ ಮಾರ್ಗವೊಂದಿತ್ತು. ನೀರು ಗೇಟಿನ ತಳಮಟ್ಟಕ್ಕೆ ಇಳಿಯುವವರೆಗೆ ಕಾದು, ಕಿಂಡಿ ಒಣಗಿದ ಮೇಲೆ ಸಾವಕಾಶವಾಗಿ ದುರಸ್ತಿ ಮಾಡುವುದು. ಹಾಗೆ ಮಾಡಿದ್ದರೆ ಯಾವ ತನಿಖಾ ಸಮಿತಿಯೂ ಯಾರನ್ನೂ ತಪ್ಪಿತಸ್ಥರೆನ್ನುತ್ತಿರಲಿಲ್ಲ. ಕಡತ ಚೊಕ್ಕಟವಾಗಿರುತ್ತಿತ್ತು. ಸಿರುಗುಪ್ಪದ ಗದ್ದೆ ಮಾತ್ರ ಒಣಗುತ್ತಿತ್ತು. ಮೂವತ್ತೈದು ವರ್ಷ ಸರ್ಕಾರಿ ಕಡತಗಳ ನಡುವೆ ಕಳೆದ ನಾನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು: ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ಬಹುಶಃ ಈ ಮಾರ್ಗಕ್ಕೇ ಸಹಿ ಹಾಕುತ್ತಿದ್ದೆ.

ಇನ್ನೊಂದು ಮಾರ್ಗವನ್ನು ಮುಂದಿಟ್ಟವರು ಎಂಬತ್ತರ ಆಸುಪಾಸಿನ ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು. ಅಣೆಕಟ್ಟೆಯ ಗೇಟುಗಳೇ ಅವರ ಜೀವಮಾನದ ಕಸುಬು. ಇಡೀ ಗೇಟಿನ ಬದಲು ಅದೇ ಅಗಲದ ಐದು ಉಕ್ಕಿನ ತುಂಡುಗಳನ್ನು, ಅಂದರೆ ಸ್ಟಾಪ್‌ಲಾಗ್‌ಗಳನ್ನು, ಒಂದರ ಮೇಲೊಂದು ಹರಿಯುವ ನೀರಿನಲ್ಲೇ ಇಳಿಸಿ ಕಿಂಡಿಯನ್ನು ಮುಚ್ಚೋಣ ಎಂದರು. ಸಿದ್ಧವಿದ್ದ ಸ್ಟಾಪ್‌ಲಾಗ್‌ಗಳಿರಲಿಲ್ಲ. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯೂ ಹೊಸಪೇಟೆಯ ಎಂಜಿನಿಯರಿಂಗ್ ವರ್ಕ್‌ಶಾಪುಗಳೂ ಹಗಲಿರುಳು ಕೆಲಸ ಮಾಡಿ ಅವನ್ನು ತಯಾರಿಸಿದವು. ಮೊದಲ ಯತ್ನ ಕೈಗೂಡಲಿಲ್ಲ. ಮತ್ತೆ ಅಳತೆ ನೋಡಿ, ಅಡ್ಡವಾದದ್ದನ್ನು ತೆಗೆದು, ಆಗಸ್ಟ್ 16ರಂದು ಮೊದಲ ತುಂಡನ್ನು ಕೂರಿಸಿದರು. ಮರುದಿನ ಕಿಂಡಿ ಮುಚ್ಚಿತು. ಜಲಾಶಯದಲ್ಲಿ ಸುಮಾರು 70 ಟಿಎಂಸಿ ಅಡಿ ನೀರು ಉಳಿಯಿತು. ಆ ವರ್ಷದ ಮುಂಗಾರು ಬೆಳೆಯೂ ಉಳಿಯಿತು.

ಇದನ್ನು ಸಾಹಸವೆಂದು ಪತ್ರಿಕೆಗಳು ಕೊಂಡಾಡಿದವು. ಸಾಹಸವೇನೋ ಹೌದು. ಆದರೆ ನಾಯ್ಡು ಅವರ ಧೈರ್ಯ ಎಲ್ಲಿಂದ ಬಂತು ಎಂಬುದನ್ನು ಗಮನಿಸಬೇಕು. ನೀರಿನ ಒತ್ತಡ ಎಷ್ಟಿದ್ದಾಗ ಉಕ್ಕಿನ ತುಂಡು ಕೆಳಗಿಳಿಯುತ್ತದೆ, ಎಷ್ಟಿದ್ದಾಗ ನಡುವೆಯೇ ಸಿಕ್ಕಿಕೊಳ್ಳುತ್ತದೆ ಎಂಬ ಅಂದಾಜು ಇದ್ದವನಿಗಷ್ಟೇ ಅಂಥ ಧೈರ್ಯ ಸಾಧ್ಯ. ಬಲ್ಲವನ ಧೈರ್ಯವೂ ಅರಿಯದವನ ಹುಂಬತನವೂ ದೂರದಿಂದ ಒಂದೇ ರೀತಿ ಕಾಣುತ್ತವೆ. ಅವೆರಡನ್ನೂ ಬೇರ್ಪಡಿಸಿ ನೋಡುವ ಹೊಣೆ ಮೇಲೆ ಕುಳಿತವರದು. ಆ ವಾರ ಮಂಡಳಿಯ ಅಧಿಕಾರಿಗಳು, ಜಿಲ್ಲಾಡಳಿತಗಳು, ಎರಡೂ ರಾಜ್ಯಗಳ ಸರ್ಕಾರಗಳು ಒಬ್ಬ ನಿವೃತ್ತ ವ್ಯಕ್ತಿಯ ಮಾತಿಗೆ ಒಪ್ಪಿ ಪಕ್ಕಕ್ಕೆ ಸರಿದು ನಿಂತವು. ಯಾವ ಹುದ್ದೆಯೂ ಇಲ್ಲದವನ ಮಾತಿನ ಮೇಲೆ ಇಷ್ಟು ದೊಡ್ಡ ಅಪಾಯವನ್ನು ತಲೆಯ ಮೇಲೆ ಹೊತ್ತುಕೊಂಡದ್ದು ಸಣ್ಣ ಸಂಗತಿಯಲ್ಲ. ಹಾಗೆ ಸರಿದು ನಿಂತವರ ಹೆಸರನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ಇನ್ನು ಈ ಕಥೆಯ ಇನ್ನೊಂದು ಮುಖ. ನಾಯ್ಡು ಅವರು ಗೇಟಿನ ಕೆಲಸ ಮಾಡಿದ್ದು ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸಂಸ್ಥೆಯಲ್ಲಿ. ಹೊಸಪೇಟೆಯವರು ಅದನ್ನು ಟಿಎಸ್‌ಪಿ ಎಂದೇ ಕರೆಯುತ್ತಿದ್ದರು. ಅಣೆಕಟ್ಟೆಯ ನೆರಳಿನಲ್ಲಿ ಕಾರ್ಯಾಗಾರವಾಗಿ ಹುಟ್ಟಿ, 1960ರಲ್ಲಿ ಕಂಪನಿಯಾಗಿ, ದೇಶದ ಅನೇಕ ಅಣೆಕಟ್ಟೆಗಳಿಗೆ ಗೇಟುಗಳನ್ನು ತಯಾರಿಸಿಕೊಟ್ಟ ಸಂಸ್ಥೆ ಅದು. ನಂತರದ ದಶಕಗಳಲ್ಲಿ ಅದು ನಷ್ಟದ ಹಾದಿ ಹಿಡಿಯಿತು. 2015ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ನಷ್ಟದ ಉದ್ದಿಮೆಯನ್ನು ಎಂದೆಂದಿಗೂ ಸಾಕಬೇಕೆಂದು ನಾನು ವಾದಿಸಲಾರೆ. ಮುಚ್ಚುವಾಗ ಯಂತ್ರಗಳ ಪಟ್ಟಿಯಾಯಿತು, ಜಮೀನಿನ ಬೆಲೆ ಕಟ್ಟಲಾಯಿತು, ನೌಕರರ ಬಾಕಿಯ ಲೆಕ್ಕವಾಯಿತು. ಅಲ್ಲಿನ ಫಿಟ್ಟರುಗಳ, ವೆಲ್ಡರುಗಳ, ನಕ್ಷೆಗಾರರ ತಲೆಯಲ್ಲಿದ್ದುದಕ್ಕೆ ಬೆಲೆ ಕಟ್ಟುವ ಕಾಲಮು ಯಾವ ಲೆಕ್ಕಪತ್ರದಲ್ಲಿಯೂ ಇರುವುದಿಲ್ಲ. ಒಂಬತ್ತು ವರ್ಷಗಳ ಬಳಿಕ ಅದೇ ಅಣೆಕಟ್ಟೆಯ ಗೇಟು ಹೋದಾಗ ಆ ತಲೆಗಳಲ್ಲೊಂದನ್ನು ಕರೆತರಬೇಕಾಯಿತು. ಅದೃಷ್ಟವಶಾತ್ ಆ ಹಿರಿಯರು ಇನ್ನೂ ಗಟ್ಟಿಯಾಗಿದ್ದರು. ಇದನ್ನು ವ್ಯವಸ್ಥೆ ಎನ್ನಲಾಗದು, ಪುಣ್ಯ ಎನ್ನಬೇಕು.

ಬಲ್ಲವರು ಎಂದಾಕ್ಷಣ ದೊಡ್ಡ ತಜ್ಞರನ್ನಷ್ಟೇ ನೆನೆಯುವುದು ತಪ್ಪು. ಈ ಪಾಠ ನನಗೆ ಸಿಕ್ಕಿದ್ದು ಸಿರುಗುಪ್ಪ ತಾಲ್ಲೂಕಿನ ಒಂದು ಉಪಕಾಲುವೆಯ ಏರಿಯ ಮೇಲೆ, ಸೇವೆಗೆ ಸೇರಿದ ಹೊಸದರಲ್ಲಿ. ಬೇಸಿಗೆ ಭತ್ತ ಹೊಡೆಯೊಡೆಯುವ ಹೊತ್ತು. ಕಾಲುವೆಯ ಕೊನೆ ಭಾಗದ ಮೂರು ಹಳ್ಳಿಗಳವರು ನೀರು ಬಂದಿಲ್ಲವೆಂದು ರಸ್ತೆ ತಡೆ ಮಾಡಿದ್ದರು. ಶಾಂತಿ ಕಾಪಾಡುವ ನೆಪದಲ್ಲಿ ನನ್ನನ್ನು ಕಳಿಸಿದ್ದರು. ನನ್ನ ಕೈಯಲ್ಲಿ ನೀರಿನ ಹಂಚಿಕೆಯ ತಖ್ತೆ ಇತ್ತು. ಅದರ ಪ್ರಕಾರ ಕೆಳಗಿನ ತೂಬಿಗೆ ಎಷ್ಟು ನೀರು ಸಲ್ಲಬೇಕೋ ಅಷ್ಟಕ್ಕೆ ಗೇಟನ್ನು ಎತ್ತುವಂತೆ ಅಲ್ಲಿದ್ದ ಲಸ್ಕರನಿಗೆ ಆಜ್ಞೆ ಮಾಡಿದೆ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. "ಸರ, ಮ್ಯಾಲಿನ ತೂಬು ಮುಚ್ಚಲಾರದ ಕೆಳಗಿಂದು ಎಷ್ಟ್ ಎತ್ತಿದ್ರೂ ಅಷ್ಟ ರೀ" ಎಂದ. ತಖ್ತೆ ನನ್ನ ಕೈಯಲ್ಲಿತ್ತು, ಎತ್ತಿಸಿದೆ. ರಾತ್ರಿ ಹನ್ನೊಂದರವರೆಗೆ ಕಾದರೂ ಕೆಳಗೆ ಬೊಗಸೆ ನೀರು ಬರಲಿಲ್ಲ.

ಆಮೇಲೆ ಅವನು ಹೇಳಿದಂತೆ ಮಾಡಿದೆವು. ಟಾರ್ಚು ಹಿಡಿದು ಏರಿಯ ಮೇಲೆ ನಾಲ್ಕು ಮೈಲಿ ನಡೆದೆವು. ಪ್ರತಿ ತೂಬಿನ ಹತ್ತಿರ ಅವನು ಬಗ್ಗಿ ಕಿವಿಗೊಡುತ್ತಿದ್ದ. ಮುಚ್ಚಿದ್ದೇವೆಂದು ಹೇಳಿದ್ದ ಎರಡು ತೂಬುಗಳು ಒಳಗೇ ಕುಡಿಯುತ್ತಿದ್ದವು. ಕಲ್ಲು ಸಿಕ್ಕಿಸಿ ಬಾಗಿಲು ಪೂರ್ತಿ ಕೂರದಂತೆ ಯಾರೋ ಮಾಡಿದ್ದರು. ಅದು ಯಾರ ಹೊಲಕ್ಕೆ ಹೋಗುವ ನೀರು ಎಂಬುದೂ ಅವನಿಗೆ ಗೊತ್ತಿತ್ತು. ಯಾರಿಗೆ ದಬಾಯಿಸಬೇಕು, ಯಾರಿಗೆ ಕೈಮುಗಿಯಬೇಕು ಎಂಬುದೂ ಗೊತ್ತಿತ್ತು. ಅವರಲ್ಲೊಬ್ಬ ಊರಿನ ಗಣ್ಯ. ಅವನ ಬಾಗಿಲು ತಟ್ಟಿ, "ಸಾಹೇಬ್ರು ಬಂದಾರ" ಎಂದು ನನ್ನನ್ನು ಮುಂದೆ ನಿಲ್ಲಿಸಿದ. ಆ ಇರುಳಿನ ಉಳಿದ ಕೆಲಸದಲ್ಲಿ ನನ್ನ ಪಾತ್ರ ಅಷ್ಟೇ: ಅವನು ನಿಲ್ಲಿಸಿದ ಕಡೆ ನಿಲ್ಲುವುದು. ಬೆಳಗಿನ ಜಾವಕ್ಕೆ ಕೊನೆಯ ಹಳ್ಳಿಗೆ ನೀರು ಮುಟ್ಟಿತು. ವರದಿಯಲ್ಲಿ ನಾನು ಬರೆದದ್ದು "ಈ ಕೆಳಗೆ ಸಹಿ ಮಾಡಿದವರ ಸಕಾಲಿಕ ಕ್ರಮದಿಂದ" ಎಂದು. ಸಹಿ ನನ್ನದೇ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಇದೇ ನದಿಯ ಕೆಳಭಾಗದ ಕರ್ನೂಲು ಜಿಲ್ಲೆಯ ಕಾಲುವೆ ಗ್ರಾಮಗಳನ್ನು ಅಧ್ಯಯನ ಮಾಡಿ ರಾಬರ್ಟ್ ವೇಡ್ ಎಂಬ ವಿದ್ವಾಂಸರು 1988ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕಾಲುವೆಯ ಮೇಲ್ಭಾಗದ, ನೀರಿಗೆ ಕೊರತೆಯಿಲ್ಲದ ಹಳ್ಳಿಗಳಲ್ಲಿ ಅವರಿಗೆ ಹೇಳಿಕೊಳ್ಳುವಂಥ ಸಂಘಟನೆ ಕಾಣಲಿಲ್ಲ. ಕೊನೆ ಭಾಗದ, ನೀರು ಬರುವುದೋ ಇಲ್ಲವೋ ಎಂಬ ಭಯದಲ್ಲಿರುವ ಹಳ್ಳಿಗಳಲ್ಲಿ ಜನ ತಾವಾಗಿಯೇ ಸೇರಿ, ನೀರು ಹಂಚುವ ಆಳುಗಳನ್ನು ನೇಮಿಸಿಕೊಂಡು, ಊರೊಟ್ಟಿನ ನಿಧಿಯಿಂದ ಕೂಲಿ ಕೊಡುತ್ತಿದ್ದರು. ಕಟಾವಾದ ಗದ್ದೆಯ ಕೂಳೆಯಲ್ಲಿ ಕುರಿ ಮೇಯಿಸುವ ಹಕ್ಕನ್ನು ಹರಾಜು ಹಾಕಿ ಆ ನಿಧಿ ಕೂಡಿಸುತ್ತಿದ್ದರಂತೆ. ಸರ್ಕಾರದ ಯಾವ ಸುತ್ತೋಲೆಯೂ ಇಲ್ಲದೆ ಹುಟ್ಟಿದ ನಾಯಕತ್ವ ಇದು. ಅಪಾಯ ಎಲ್ಲಿ ಹೆಚ್ಚೋ ಅಲ್ಲಿ ಹುಟ್ಟಿದೆ ಎಂಬುದು ಗಮನಾರ್ಹ. ಅದೇ ವೇಡ್ 1982ರ ಇನ್ನೊಂದು ಪ್ರಬಂಧದಲ್ಲಿ ದಕ್ಷಿಣ ಭಾರತದ ನೀರಾವರಿ ಇಲಾಖೆಯಲ್ಲಿ ವರ್ಗಾವಣೆಗಳು ಹೇಗೆ ಒಂದು ಮಾರುಕಟ್ಟೆಯಾಗಿವೆ ಎಂಬುದನ್ನು ವಿವರಿಸಿದ್ದರು. ಹಣ ತೆತ್ತು ಬಂದವನು ಎರಡು ವರ್ಷದೊಳಗೆ ಹಾಕಿದ್ದನ್ನು ತೆಗೆಯಬೇಕು. ಕಾಲುವೆಯ ಗುಣ ಕಲಿಯಲು ಅವನಿಗೆ ಸಮಯವೂ ಇಲ್ಲ, ಲಾಭವೂ ಇಲ್ಲ. ನಾಲ್ಕು ದಶಕ ಕಳೆದ ಮೇಲೆ ಆ ಪ್ರಬಂಧ ಹಳತಾಗಿದೆ ಎಂದು ಹೇಳಲು ನನಗೆ ಆಸೆ. ಹೇಳುವ ಧೈರ್ಯ ಇಲ್ಲ.

ವರ್ಗಾವಣೆಯ ರೋಗಕ್ಕೆ ಮದ್ದು ಬರೆದವರಿಗೆ ಕೊರತೆಯಿಲ್ಲ. ಎರಡನೆಯ ಆಡಳಿತ ಸುಧಾರಣಾ ಆಯೋಗ 2008ರ ತನ್ನ ಹತ್ತನೆಯ ವರದಿಯನ್ನು ಇಡಿಯಾಗಿ ಸಿಬ್ಬಂದಿ ಆಡಳಿತಕ್ಕೇ ಮೀಸಲಿಟ್ಟಿತು. ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ಅಧಿಕಾರಿಗಳಿಗೆ ನಿಶ್ಚಿತ ಅವಧಿ ಇರಬೇಕೆಂದು ಆದೇಶಿಸಿತು. 2020ರಲ್ಲಿ ಕೇಂದ್ರ ಸರ್ಕಾರ ಮಿಷನ್ ಕರ್ಮಯೋಗಿ ಎಂಬ ಕಾರ್ಯಕ್ರಮ ತಂದಿತು. ನೌಕರರು ಈಗ ಕಂಪ್ಯೂಟರಿನ ಮುಂದೆ ಕುಳಿತು ನಾಯಕತ್ವದ ಪಾಠ ಕೇಳಿ ಪ್ರಮಾಣಪತ್ರ ಪಡೆಯಬಹುದು. ಇವೆಲ್ಲ ಬೇಡವೆಂದು ಹೇಳುತ್ತಿಲ್ಲ. ಆದರೆ ಇವುಗಳಲ್ಲಿ ಬಹುಪಾಲು ಮೇಲಿನ ಹಂತದ ಅಧಿಕಾರಿಗಳನ್ನು ಕುರಿತವು. ನಮ್ಮ ಸೇವೆಯ ಏಣಿಯ ಮೂಲ ದೋಷ ಬೇರೆಯೇ ಇದೆ. ಅದರಲ್ಲಿ ಮೇಲೇರುವುದೆಂದರೆ ಕೆಲಸದಿಂದ ದೂರವಾಗುವುದು. ಗೇಟಿನ ಹತ್ತಿರ ಇರುವ ಸಹಾಯಕ ಎಂಜಿನಿಯರ್ ಒಳ್ಳೆಯ ಕೆಲಸ ಮಾಡಿದರೆ ಅವನಿಗೆ ಸಿಗುವ ಬಹುಮಾನ ಗೇಟಿನಿಂದ ಬಿಡುಗಡೆ. ಇನ್ನೂ ಒಳ್ಳೆಯ ಕೆಲಸ ಮಾಡಿದರೆ ಬೆಂಗಳೂರು. ಕಾಲುವೆಯ ಏರಿಯ ಮೇಲೇ ಉಳಿದವನನ್ನು ಸಹೋದ್ಯೋಗಿಗಳು "ಪಾಪ, ಅಲ್ಲೇ ಕೊಳೀತಿದ್ದಾನೆ" ಎನ್ನುತ್ತಾರೆ. ಲಸ್ಕರನಿಗಂತೂ ಏಣಿಯೇ ಇಲ್ಲ. ಅವನು ಸೇರಿದ ದರ್ಜೆಯಲ್ಲಿಯೇ ನಿವೃತ್ತನಾಗುತ್ತಾನೆ. ಅವನ ಜಾಗಕ್ಕೆ ಬರುವವನು ಗುತ್ತಿಗೆದಾರನ ಮೂಲಕ ಬಂದ ಹಂಗಾಮಿ ಕೆಲಸಗಾರ. ಕೆಲವು ತಿಂಗಳು ಸಂಬಳ ತಡವಾದರೆ ಅವನೂ ಹೋಗುತ್ತಾನೆ. ಹೋಗುವಾಗ ಕಲಿತದ್ದನ್ನು ಜೊತೆಗೇ ಒಯ್ಯುತ್ತಾನೆ.

ಒಂದೇ ಕಡೆ ಉಳಿದು ಕಲಿಯುವುದರ ಮಹತ್ವಕ್ಕೆ ಬಳ್ಳಾರಿಯ ಇತಿಹಾಸದಲ್ಲಿಯೇ ಒಂದು ಹಳೆಯ ನಿದರ್ಶನವಿದೆ. 1800ರಲ್ಲಿ ನಿಜಾಮರು ಬಳ್ಳಾರಿ, ಅನಂತಪುರ, ಕಡಪಗಳ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಾಗ ಅಲ್ಲಿಗೆ ಪ್ರಧಾನ ಕಲೆಕ್ಟರಾಗಿ ಬಂದವರು ಥಾಮಸ್ ಮನ್ರೋ. ಅದಕ್ಕೂ ಮುನ್ನ ಏಳು ವರ್ಷ ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಅವರು ಜಮಾಬಂದಿಯ ಕೆಲಸ ಕಲಿತಿದ್ದರು. ಇಲ್ಲಿ ಮತ್ತೆ ಏಳು ವರ್ಷ, 1807ರವರೆಗೆ, ಡೇರೆ ಹೊಡೆದುಕೊಂಡು ಊರೂರು ಅಲೆದು, ಹೊಲಹೊಲಗಳ ಮೋಜಣಿ ಮಾಡಿಸಿದರು. ರೈತವಾರಿ ಪದ್ಧತಿ ಬೇರೂರಿದ್ದು ಹೀಗೆ. ಮನ್ರೋ ಸಂತರೇನಲ್ಲ. ಕಂಪನಿಯ ಬೊಕ್ಕಸ ತುಂಬುವುದೇ ಅವರ ಕೆಲಸವಾಗಿತ್ತು. ಅವರ ಕಾಲದ ಕಂದಾಯ ಈ ಬರಸೀಮೆಯ ರೈತನಿಗೆ ಭಾರವಾಗಿತ್ತು. ಆದರೆ ಅದು ಭಾರವೆಂದು ಬರೆದವರೂ ಅವರೇ. ಹೊರಡುವ ಮುನ್ನ, 1807ರ ವರದಿಯಲ್ಲಿ, ಕಂದಾಯವನ್ನು ಶೇಕಡ 25ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿದರು. ಮದರಾಸಿನ ಮೇಲಧಿಕಾರಿಗಳು ಒಪ್ಪಲಿಲ್ಲ. ಅವರು ಹೋದ ಬಳಿಕ ರೈತವಾರಿಯನ್ನೇ ಕೈಬಿಟ್ಟು ಹಳ್ಳಿಗಳನ್ನು ಇಡಿಯಾಗಿ ಗುತ್ತಿಗೆ ಕೊಟ್ಟರು. ಆ ಪ್ರಯೋಗ ಸೋತಿತು. 1820ರಲ್ಲಿ ಮನ್ರೋ ಮದರಾಸಿನ ಗವರ್ನರ್ ಆಗಿ ಮರಳಿದ ಮೇಲೆ ರೈತವಾರಿಯೇ ಪ್ರಾಂತ್ಯದಲ್ಲಿ ನೆಲೆ ನಿಂತಿತು. ಹದಿನಾಲ್ಕು ವರ್ಷ ಏರಿಯ ಮೇಲೆ ಕಲಿತವನ ಮಾತನ್ನು ಮೇಜಿನ ಮೇಲೆ ಕಲಿತವರು ತಳ್ಳಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಸ್ಥಳದಲ್ಲಿರುವುದು ನಾಯಕತ್ವದ ಒಂದು ಅಂಗ ಎಂಬುದನ್ನು ರಾಜಕಾರಣಿಗಳು ಅಧಿಕಾರಿಗಳಿಗಿಂತ ಚೆನ್ನಾಗಿ ಬಲ್ಲರು. 2022ರಲ್ಲಿ ಬಳ್ಳಾರಿ ತಾಲ್ಲೂಕಿನಲ್ಲಿ ವೇದಾವತಿ ನದಿಯ ಮೇಲೆ ಕೆಳಮಟ್ಟದ ಕಾಲುವೆಯನ್ನು ಹೊತ್ತ ಮೇಲ್ಗಾಲುವೆಯ ಕಂಬ ಕುಸಿದಾಗ ಆಗಿನ ಸಚಿವ ಬಿ. ಶ್ರೀರಾಮುಲು ಅಲ್ಲಿಯೇ ಮೊಕ್ಕಾಂ ಹೂಡಿ ರಾತ್ರಿ ಮಲಗಿದ್ದರು. ಚುನಾವಣೆ ಹತ್ತಿರವಿತ್ತು ಎಂದು ಮೂಗು ಮುರಿದವರಿದ್ದರು. ಇರಬಹುದು. ಆದರೆ ಸಚಿವರು ಮಲಗಿದ ಕಡೆ ಸಿಮೆಂಟು ಬೇಗ ಬರುತ್ತದೆ, ಕ್ರೇನು ಬೇಗ ಬರುತ್ತದೆ, ಮೂರು ಇಲಾಖೆಗಳ ಒಪ್ಪಿಗೆ ಒಂದೇ ಸಂಜೆಯಲ್ಲಿ ಸಿಗುತ್ತದೆ, ಅದನ್ನು ಅಲ್ಲಗಳೆಯಲಾಗದು. ಹಾಗೆ ಬರುವ ನಾಯಕತ್ವ ಕಂಬ ಕುಸಿದ ಮೇಲೆ ಬರುತ್ತದೆ. ಕುಸಿಯುವ ಮುನ್ನ ಬಿರುಕನ್ನು ನೋಡಬೇಕಾದವನು ಮೇಲ್ಗಾಲುವೆಯ ಮೇಲೆ ದಿನವೂ ಓಡಾಡುವ ಗ್ಯಾಂಗ್‌ಮನ್. ಅವನು ನೋಡಿದ್ದನ್ನು ಯಾರಿಗೆ ಹೇಳಬೇಕು, ಹೇಳಿದರೆ ಕೇಳುವವರು ಯಾರು ಎಂಬುದು ಸಚಿವರ ಮೊಕ್ಕಾಮಿನಿಂದ ಇತ್ಯರ್ಥವಾಗುವ ವಿಷಯವಲ್ಲ.

19ನೇ ಗೇಟಿನ ಲೆಕ್ಕ ಮುಂಗಾರು ಬೆಳೆಯೊಂದಿಗೆ ಮುಗಿಯಲಿಲ್ಲ. ತಜ್ಞರು ಪರೀಕ್ಷಿಸಿದಾಗ ಏಳು ದಶಕ ಹಳೆಯ ಉಳಿದ ಗೇಟುಗಳೂ ಸವೆದಿವೆ ಎಂದು ತಿಳಿಯಿತು. 2025ರ ಮುಂಗಾರಿನಲ್ಲಿ ಜಲಾಶಯದ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು. ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ, ಹೂಳು ತುಂಬಿ 105ರ ಆಸುಪಾಸಿಗೆ ಬಂದಿದ್ದ ಜಲಾಶಯ ಅದು. ಎಲ್ಲ 33 ಗೇಟುಗಳನ್ನೂ ಬದಲಿಸಲು ತೀರ್ಮಾನವಾಗಿ, ಆ ಹಂಗಾಮಿನ ಎರಡನೇ ಬೆಳೆಗೆ ನೀರಿಲ್ಲವೆಂದು ಪ್ರಕಟಿಸಲಾಯಿತು. ರೈತರು ಪರಿಹಾರಕ್ಕಾಗಿ ಬೀದಿಗಿಳಿದರು. ಎರಡನೇ ಬೆಳೆ ತಪ್ಪುವುದೆಂದರೆ ಸಿರುಗುಪ್ಪದಲ್ಲಿ ಏನರ್ಥ ಎಂಬುದನ್ನು ಊರಿನ ಹೊರಗಿನವರಿಗೆ ತಿಳಿಸಿ ಹೇಳಬೇಕು. ಗೇಣಿಗೆ ಹೊಲ ಹಿಡಿದವನಿಗೆ ಮೊದಲ ಬೆಳೆ ಗೇಣಿಗೂ ಗೊಬ್ಬರದ ಬಾಕಿಗೂ ಹೋಗುತ್ತದೆ. ಅವನ ಮನೆ ನಡೆಯುವುದು ಎರಡನೆಯದರಿಂದ. ನಾಟಿ, ಕಳೆ, ಕಟಾವಿನ ಕೂಲಿಯವರು ಗುಳೆ ಹೋಗಬೇಕು. ಅಕ್ಕಿ ಗಿರಣಿಗಳಲ್ಲಿ ಹಮಾಲರಿಗೆ ಕೆಲಸ ಇಳಿಯುತ್ತದೆ. ಲಾರಿ ನಿಲ್ಲುತ್ತದೆ. ಒಂದು ಸರಪಳಿಯ ಕೊಂಡಿಯನ್ನು ಸಕಾಲದಲ್ಲಿ ಯಾರೋ ಸರಿಯಾಗಿ ನೋಡದಿದ್ದರೆ ಆಗುವ ವೆಚ್ಚವನ್ನು ಇಲ್ಲಿಂದ ಎಣಿಸಬೇಕು.

ಹೊಸ ಗೇಟುಗಳು ಬರುತ್ತವೆ. ಹಣ ಖರ್ಚಾಗುತ್ತದೆ, ಉದ್ಘಾಟನೆಯೂ ಆಗುತ್ತದೆ. ನನ್ನ ಚಿಂತೆ ಅವುಗಳ ಪಕ್ಕದಲ್ಲಿ ನಿಲ್ಲುವವರನ್ನು ಕುರಿತದ್ದು. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಪ್ರತಿ ಮುಂಗಾರಿನ ಮುನ್ನವೂ ನಂತರವೂ ತಪಾಸಣೆಯನ್ನು ಕಡ್ಡಾಯಗೊಳಿಸಿದೆ. ತಪಾಸಣೆಯ ನಮೂನೆಯಲ್ಲಿ ಟಿಕ್ ಗುರುತು ಹಾಕಲು ಒಂದು ಪೆನ್ನು ಸಾಕು. ಸರಪಳಿಯ ಸವೆತ ಗುರುತಿಸಲು ಹತ್ತು ವರ್ಷದ ಕಣ್ಣು ಬೇಕು. ಗೇಟಿನ ಕೆಲಸಕ್ಕೇ ಪ್ರತ್ಯೇಕ ವೃಂದವೊಂದನ್ನು ರಚಿಸಿ, ಅದರಲ್ಲಿರುವವನು ಅಣೆಕಟ್ಟೆಯನ್ನು ಬಿಡದೆಯೇ ಸಂಬಳದಲ್ಲಿ, ದರ್ಜೆಯಲ್ಲಿ ಮೇಲೇರುವಂತೆ ಮಾಡಲು ಯಾವ ನಿಯಮದ ಅಡ್ಡಿಯಿದೆ? ಆಸ್ಪತ್ರೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಇಂಥ ಏರ್ಪಾಡು ಇದೆ. ಪ್ರಾಧ್ಯಾಪಕನಾಗಲು ಪಾಠ ಹೇಳುವುದನ್ನು ಬಿಡಬೇಕಾಗಿಲ್ಲ. ಟಿಎಸ್‌ಪಿಯ ಹಳೆಯ ಕೆಲಸಗಾರರು ಹೊಸಪೇಟೆಯ ಬೀದಿಗಳಲ್ಲಿ ಇನ್ನೂ ಇದ್ದಾರೆ. ಹೊಸ ಗೇಟು ಕೂರಿಸುವಾಗ ಅವರನ್ನು ಕರೆದು, ಗೌರವಧನ ಕೊಟ್ಟು, ಹುಡುಗರ ಪಕ್ಕದಲ್ಲಿ ನಿಲ್ಲಿಸಬಹುದಲ್ಲ? ಎರವಲು ಸೇವೆಯ ಮೇಲೆ ಬರುವ ಎಂಜಿನಿಯರ್ ಹಿಂತಿರುಗುವ ಮುನ್ನ ತನ್ನ ನಂತರದವನೊಡನೆ ಒಂದು ಮುಂಗಾರನ್ನಾದರೂ ಕಳೆಯಬೇಕೆಂದು ಷರತ್ತು ಹಾಕಬಹುದಲ್ಲ? ಇವಕ್ಕೆ ತಗಲುವ ಖರ್ಚು ಒಂದು ಗೇಟಿನ ಬಣ್ಣದ ಬಿಲ್ಲನ್ನೂ ಮೀರದೆಂದು ನನ್ನ ಅಂದಾಜು. ಆದರೂ ಇಂಥ ಪ್ರಸ್ತಾವ ಹಣಕಾಸು ಇಲಾಖೆಗೆ ಹೋದರೆ "ಪೂರ್ವನಿದರ್ಶನವಿಲ್ಲ" ಎಂಬ ಷರಾದೊಡನೆ ಹಿಂತಿರುಗುತ್ತದೆ ಎಂಬುದನ್ನೂ ಬಲ್ಲೆ. ಅಂಥ ಷರಾಗಳನ್ನು ನಾನೂ ಬರೆದಿದ್ದೇನೆ.

ನಿವೃತ್ತನಾದ ಮೇಲೊಮ್ಮೆ ಸಿರುಗುಪ್ಪದ ಕಡೆ ಹೋದಾಗ ಆ ಹಳೆಯ ಉಪಕಾಲುವೆಯ ಹತ್ತಿರ ಕಾರು ನಿಲ್ಲಿಸಿದೆ. ಲಸ್ಕರ್ ತೀರಿಕೊಂಡು ಬಹಳ ವರ್ಷವಾಗಿತ್ತು. ಅವನ ಹುದ್ದೆಗೆ ಮತ್ತೆ ಯಾರನ್ನೂ ಹಾಕಿರಲಿಲ್ಲ. ಏರಿಯ ಮೇಲೆ ಮೂವತ್ತರ ಒಬ್ಬ ಯುವಕ ಹೆಗಲಿಗೆ ಸಲಿಕೆ ಹಾಕಿಕೊಂಡು ಬರುತ್ತಿದ್ದ. ಕೊನೆ ಭಾಗದ ಹಳ್ಳಿಯವರು ಎಕರೆಗೆ ಇಷ್ಟೆಂದು ಕೂಡಿಸಿ ಅವನನ್ನು ಇಟ್ಟುಕೊಂಡಿದ್ದರು. ತೂಬಿನ ಹತ್ತಿರ ಬಂದವನು ಮಾತು ನಿಲ್ಲಿಸಿ ಬಗ್ಗಿ ಕಿವಿಗೊಟ್ಟ. "ಯಾರು ಕಲಿಸಿದರಪ್ಪಾ ಇದನ್ನು?" ಎಂದು ಕೇಳಿದೆ. "ನಮ್ಮ ಸಣ್ಣಜ್ಜ ರೀ, ಇಲ್ಲೇ ಲಸ್ಕರ್ ಇದ್ದ" ಎಂದ. ಮೇಲಿನ ತೂಬಿನಲ್ಲಿ ನೀರು ಸೋರುತ್ತಿದೆಯೆಂದು ಹೇಳಿ, ಸಲಿಕೆ ಎತ್ತಿಕೊಂಡು ಆ ಕಡೆ ನಡೆದ.